ಮನೆ ಕೊಳ್ಳುವ ಮುಂಚೆ ಕಂತು ಕಟ್ಟಿ ಉಳಿಯುವ ದುಡ್ಡು ಎಣಿಸಿ

ಬ್ಯಾಂಕಿನವರು "ನಿಮಗೆ ಇಷ್ಟು ಸಾಲ ಕೊಡಬಹುದು" ಅಂತ ಒಂದು ಮೊತ್ತ ಹೇಳುತ್ತಾರೆ. ಜನ ಅದನ್ನೇ ತಮ್ಮ ಶಕ್ತಿ ಅಂದುಕೊಂಡು, ಆ ಮೊತ್ತಕ್ಕೆ ಸರಿಹೊಂದುವ ಮನೆ ಹುಡುಕಲು ಹೊರಡುತ್ತಾರೆ. ಗೃಹಸಾಲದ ಅರ್ಜಿ ಪರಿಶೀಲಿಸುವುದೇ ನನ್ನ ಕೆಲಸವಾಗಿತ್ತು. ಆ ಮೊತ್ತ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಕೊಟ್ಟ ಸಾಲ ವಾಪಸ್ ಬರುತ್ತದಾ ಅನ್ನೋದನ್ನು ಮಾತ್ರ ನಾವು ನೋಡುತ್ತಿದ್ದೆವು. ಕಂತು ಕಟ್ಟಿದ ಮೇಲೆ ಮಗಳ ಕಾಲೇಜಿಗೆ ದುಡ್ಡು ಉಳಿಯುತ್ತದಾ, ಅಮ್ಮನಿಗೆ ಆಪರೇಷನ್ ಅಂತ ಬಂದರೆ ಏನು ಮಾಡುತ್ತೀರಿ ಅಂತ ಕೇಳುವ ಕಾಲಂ ನಮ್ಮ ಅರ್ಜಿಯಲ್ಲಿ ಇರಲಿಲ್ಲ. ಅದನ್ನು ನೀವೇ ಗೆರೆ ಎಳೆದು ತುಂಬಿಕೊಳ್ಳಬೇಕು. ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ದುಡ್ಡಿನ ಬೆಲೆ ಊರೂರಿಗೆ ಬೇರೆ. ಹಾಗಾಗಿ ಯಾವ ನಾಣ್ಯದ ಹೆಸರೂ ಹೇಳದೆ ಬರೀ ಅಂಕೆ ಹಿಡಿದು ಮಾತಾಡುತ್ತೇನೆ. ನೀವು ನಿಮ್ಮ ಅಂಕೆ ಹಾಕಿಕೊಂಡು ಓದಿ. ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್ ಸಾಕು.

ಆದಾಯ: ಬೆಳೆಸಬೇಡಿ, ಕತ್ತರಿಸಿ

ಮೊದಲ ಸಾಲಿನಲ್ಲಿ ಆದಾಯ ಬರೆಯಿರಿ. ಸಂಬಳದ ಚೀಟಿಯ ಮೇಲಿನ ದೊಡ್ಡ ಮೊತ್ತ ಬೇಡ. ತೆರಿಗೆ, ಪಿಂಚಣಿ ನಿಧಿ ಎಲ್ಲ ಕಡಿತವಾಗಿ ಖಾತೆಗೆ ಜಮೆಯಾಗುತ್ತದಲ್ಲ, ಅದು. ಬೋನಸ್ ಸೇರಿಸಬೇಡಿ. ಓವರ್‌ಟೈಮ್ ಸೇರಿಸಬೇಡಿ. ಮುಂದಿನ ವರ್ಷ ಆಗಬಹುದಾದ ಬಡ್ತಿಯನ್ನಂತೂ ಸೇರಿಸಲೇಬೇಡಿ. ಕಂತು ಪ್ರತಿ ತಿಂಗಳೂ ಬರುತ್ತದೆ. ಹಾಗಾಗಿ ಪ್ರತಿ ತಿಂಗಳೂ ಬರುವ ದುಡ್ಡು ಮಾತ್ರ ಲೆಕ್ಕಕ್ಕೆ.

ವ್ಯಾಪಾರ ಮಾಡುವವರು, ಗುತ್ತಿಗೆ ಕೆಲಸದವರು ಇನ್ನೂ ಸ್ವಲ್ಪ ಬೆವರಬೇಕು. ಎರಡು ವರ್ಷದ ಪಾಸ್‌ಬುಕ್ ಮುಂದಿಟ್ಟುಕೊಳ್ಳಿ. ಸರಾಸರಿ ತೆಗೆಯಿರಿ. ಆಮೇಲೆ ಸತತವಾಗಿ ಅತಿ ಕಡಿಮೆ ದುಡ್ಡು ಬಂದ ಮೂರು ತಿಂಗಳನ್ನು ಹುಡುಕಿ ಗುರುತು ಹಾಕಿ. ಆ ಮೂರು ತಿಂಗಳಲ್ಲೂ ಕಂತು ಕಟ್ಟಲು ಆಗುತ್ತಿತ್ತಾ? ಸರಾಸರಿ ನೋಡಿ ಸಾಲ ತೆಗೆದುಕೊಂಡವರು ಕಂತು ತಪ್ಪಿಸುವುದು ಇಂಥ ಮೂರು ತಿಂಗಳಲ್ಲೇ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇಬ್ಬರ ಸಂಬಳ ಕೂಡಿಸಿ ದೊಡ್ಡ ಸಾಲ ಪಡೆಯುವುದು ಈಗ ಮಾಮೂಲು. ತಪ್ಪೇನಿಲ್ಲ. ಆದರೆ ನೋಟ್‌ಬುಕ್ಕಿನ ಇನ್ನೊಂದು ಪುಟದಲ್ಲಿ ಒಂದೇ ಸಂಬಳದ ಲೆಕ್ಕವನ್ನೂ ಬರೆಯಿರಿ. ಮಗು ಆಗಬಹುದು, ಯಾರಾದರೂ ಕಾಯಿಲೆ ಬೀಳಬಹುದು, ಒಬ್ಬರ ಕೆಲಸ ಹೋಗಬಹುದು. ಒಂದೇ ಸಂಬಳದಲ್ಲಿ ಎಲ್ಲವೂ ನಡೆಯಬೇಕು ಅಂತ ನಾನು ಹೇಳುವುದಿಲ್ಲ, ಹಾಗೆಂದರೆ ಯಾರೂ ಮನೆ ಕೊಳ್ಳಲಾಗದು. ಒಂದೇ ಸಂಬಳದಲ್ಲಿ ಎಷ್ಟು ತಿಂಗಳು ತಳ್ಳಬಹುದು ಅನ್ನುವ ಉತ್ತರ ಮಾತ್ರ ಗೊತ್ತಿರಬೇಕು. ಉತ್ತರ ಆರು ತಿಂಗಳಿಗಿಂತ ಕಡಿಮೆ ಬಂದರೆ ಮನೆ ಹುಡುಕುವುದನ್ನು ಬಿಟ್ಟು ಮೊದಲು ಉಳಿತಾಯ ಬೆಳೆಸಿ.

ಶೇ 30ರ ಸೂತ್ರ ಎಲ್ಲಿಂದ ಬಂತು

"ಮನೆ ಖರ್ಚು ಆದಾಯದ ಶೇ 30 ದಾಟಬಾರದು." ಈ ಮಾತು ಎಲ್ಲ ಕಡೆ ಕೇಳುತ್ತೀರಿ. ಏನೋ ದೊಡ್ಡ ಸಂಶೋಧನೆಯ ಫಲ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1969ರಲ್ಲಿ ಒಂದು ಕಾನೂನು ತಿದ್ದುಪಡಿ ಆಯಿತು. ಸೆನೆಟರ್ ಎಡ್ವರ್ಡ್ ಬ್ರೂಕ್ ತಂದದ್ದು. ಸರ್ಕಾರಿ ವಸತಿಯಲ್ಲಿರುವ ಬಡವರ ಬಾಡಿಗೆ ಅವರ ಆದಾಯದ ಶೇ 25 ದಾಟಬಾರದು ಅನ್ನುವುದು ಅದರ ಸಾರ. 1981ರಲ್ಲಿ ಬಜೆಟ್ ಕಾಯ್ದೆಯೊಂದರಲ್ಲಿ ಅದನ್ನೇ ಶೇ 30ಕ್ಕೆ ಏರಿಸಿದರು. ಸರ್ಕಾರಿ ಮನೆಯ ಬಾಡಿಗೆ ಮಿತಿ ಕ್ರಮೇಣ ಲೋಕಕ್ಕೆಲ್ಲ ಸೂತ್ರವಾಯಿತು.

ಈ ಸೂತ್ರ ಸಾಲದು ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಂದು ಮನೆಗೆ ತಿಂಗಳಿಗೆ 100 ಬರುತ್ತದೆ, ಕಂತು 35. ಉಳಿದದ್ದು 65. ಮನೆಯಲ್ಲಿ ಐದು ಜನ, ಹೊಟ್ಟೆಬಟ್ಟೆ, ಶಾಲೆ, ಓಡಾಟಕ್ಕೆ 60 ಬೇಕೇ ಬೇಕು. ಕೈಯಲ್ಲಿ ನಿಲ್ಲುವುದು 5. ಇನ್ನೊಂದು ಮನೆಗೆ 300 ಬರುತ್ತದೆ, ಕಂತು 120. ಅಂದರೆ ಶೇ 40, ಸೂತ್ರದ ಪ್ರಕಾರ ಇವರದೇ ಜಾಸ್ತಿ ಅಪಾಯ. ಆದರೆ ಇಬ್ಬರೇ ಇರುವ ಮನೆ, ಖರ್ಚು 90 ಅಂತ ಇಟ್ಟುಕೊಂಡರೂ ಇನ್ನೂ 90 ಉಳಿಯುತ್ತದೆ. ಯಾರಿಗೆ ರಾತ್ರಿ ನಿದ್ದೆ ಬರುತ್ತದೆ ಹೇಳಿ? ಬರ್ಲಿನ್ ನಗರದ ಅಂಕಿಅಂಶ ಕಚೇರಿ ನೋಡಿಕೊಳ್ಳುತ್ತಿದ್ದ ಹರ್ಮಾನ್ ಶ್ವಾಬೆ 1868ರಲ್ಲೇ ಇದಕ್ಕೆ ಹತ್ತಿರದ ಒಂದು ವಿಷಯ ಗಮನಿಸಿದ್ದ. ಆದಾಯ ಏರಿದಂತೆ ಬಾಡಿಗೆಗೆ ಹೋಗುವ ಪಾಲು ಇಳಿಯುತ್ತದೆ. ಅಂದರೆ ಕಡಿಮೆ ಆದಾಯದವರಿಗೆ ಆಗಲೂ ಪಾಲು ಜಾಸ್ತಿಯೇ ಇತ್ತು, ಈಗಲೂ ಅಷ್ಟೇ.

ಹಾಗಾಗಿ ಶೇಕಡಾ ಲೆಕ್ಕವನ್ನು ಬ್ಯಾಂಕಿಗೆ ಬಿಡಿ. ನೀವು ಹಿಂದುಮುಂದಾಗಿ ಲೆಕ್ಕ ಹಾಕಿ. ಕೈಗೆ ಬರುವ ದುಡ್ಡಿನಿಂದ ಮೊದಲು ಬದುಕಿನ ಖರ್ಚು ಕಳೆಯಿರಿ. ಆಮೇಲೆ ಬೇರೆ ಸಾಲಗಳ ಕಂತು. ಆಮೇಲೆ ಪ್ರತಿ ತಿಂಗಳು ಎತ್ತಿಡಲೇಬೇಕಾದ ಉಳಿತಾಯ. ಏನು ಮಿಕ್ಕಿತೋ ಅದು ಮನೆಗೆ. ಅಷ್ಟೂ ಕಂತಿಗಲ್ಲ, ಮನೆಗೆ. ವ್ಯತ್ಯಾಸ ಈಗ ಹೇಳುತ್ತೇನೆ.

ಕಂತಿನ ಹಿಂದೆ ನಿಂತಿರುವ ಖರ್ಚುಗಳು

ಬಾಡಿಗೆ ಮನೆಯಲ್ಲಿ ನಲ್ಲಿ ಸೋರಿದರೆ ಮಾಲೀಕರಿಗೆ ಫೋನ್ ಮಾಡುತ್ತೀರಿ. ಸ್ವಂತ ಮನೆಯಲ್ಲಿ ಆ ಫೋನ್ ಎತ್ತುವವರು ನೀವೇ. ಆಸ್ತಿ ತೆರಿಗೆ, ಕಟ್ಟಡದ ವಿಮೆ, ಅಪಾರ್ಟ್‌ಮೆಂಟ್ ಆದರೆ ಸಂಘದ ಮೆಂಟೆನೆನ್ಸ್, ದುರಸ್ತಿ. ಇವಿಷ್ಟನ್ನು ವರ್ಷದ ಲೆಕ್ಕ ಹಾಕಿ 12ರಿಂದ ಭಾಗಿಸಿ ಕಂತಿಗೆ ಕೂಡಿಸಿ. ದುರಸ್ತಿಗೆ ಮನೆ ಬೆಲೆಯ ಶೇ 1ರಷ್ಟು ವರ್ಷಕ್ಕೆ ಎತ್ತಿಡಿ ಅನ್ನುವುದು ಬಳಕೆಯಲ್ಲಿರುವ ಅಂದಾಜು. ಹೊಸ ಮನೆಗೆ ಅಷ್ಟು ಬೇಡ ಅನ್ನಿಸುತ್ತದೆ. ತಾರಸಿ ಸೋರಲು ಶುರುವಾದ ವರ್ಷ, ವೈರಿಂಗ್ ಬದಲಿಸಬೇಕಾದ ವರ್ಷ, ಲಿಫ್ಟ್ ಹೊಸದು ಹಾಕಲು ಸಂಘ ವಂತಿಗೆ ಕೇಳಿದ ವರ್ಷ ಹಿಂದಿನ ಎಲ್ಲ ವರ್ಷದ್ದೂ ಸೇರಿ ಬರುತ್ತದೆ. ಜಾಗದ ಬೆಲೆಯೇ ವಿಪರೀತ ಇರುವ ಕಡೆ ಶೇ 1 ಜಾಸ್ತಿಯಾಗಬಹುದು. ಅಲ್ಲಿ ಕಟ್ಟಡದ ಭಾಗಕ್ಕೆ ಮಾತ್ರ ಲೆಕ್ಕ ಹಾಕಿ.

ಕೊಳ್ಳುವ ದಿನದ ಖರ್ಚು ಬೇರೆ. ನೋಂದಣಿ, ಮುದ್ರಾಂಕ ಶುಲ್ಕ, ವಕೀಲರ ಫೀಸು, ಬ್ರೋಕರ್ ಕಮಿಷನ್, ಸಾಲದ ಸಂಸ್ಕರಣಾ ಶುಲ್ಕ. ಆಮೇಲೆ ಪರದೆ, ಕಪಾಟು, ಬಣ್ಣ. ಉಳಿತಾಯವನ್ನೆಲ್ಲ ಮುಂಗಡಕ್ಕೆ ಸುರಿದು, ಇವಕ್ಕೆ ಅಂತ ಪರ್ಸನಲ್ ಲೋನ್ ತೆಗೆದುಕೊಂಡವರನ್ನು ಎಷ್ಟೋ ನೋಡಿದ್ದೇನೆ. ಗೃಹಸಾಲಕ್ಕಿಂತ ತುಂಬಾ ಜಾಸ್ತಿ ಬಡ್ಡಿಗೆ ಪರದೆ ಕೊಂಡ ಹಾಗೆ ಅದು.

ಬಡ್ಡಿ ದರ ಏರಿದರೆ 20 ವರ್ಷ 56 ಆಗುವ ಬಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಕೆಲಸದಲ್ಲಿ ಜನರಿಗೆ ಅತಿ ಕಡಿಮೆ ಅರ್ಥವಾಗಿದ್ದ ಭಾಗ ಇದು.

ಒಂದು ಲಕ್ಷ ಸಾಲ, ಶೇ 8 ಬಡ್ಡಿ ಅಂತ ಇಟ್ಟುಕೊಳ್ಳಿ. 20 ವರ್ಷಕ್ಕೆ ತಿಂಗಳ ಕಂತು ಸುಮಾರು 836. ಒಟ್ಟು ಕಟ್ಟುವುದು ಎರಡು ಲಕ್ಷ ಚಿಲ್ಲರೆ. ಅದನ್ನೇ 15 ವರ್ಷಕ್ಕೆ ಮಾಡಿದರೆ ಕಂತು 956, ಒಟ್ಟು 1.72 ಲಕ್ಷ. 30 ವರ್ಷಕ್ಕೆ ಎಳೆದರೆ ಕಂತು 734, ಒಟ್ಟು 2.64 ಲಕ್ಷ. 20ರಿಂದ 30ಕ್ಕೆ ಹೋದರೆ ತಿಂಗಳಿಗೆ ನೂರು ಉಳಿಯಿತು, ಒಟ್ಟಿನಲ್ಲಿ 63 ಸಾವಿರ ಜಾಸ್ತಿ ಹೋಯಿತು.

ಮೊದಲ ಕಂತು 836ರಲ್ಲಿ ಬಡ್ಡಿಯೇ 667. ಅಸಲಿಗೆ ಹೋಗುವುದು ಬರೀ 169. ಐದು ವರ್ಷ ತಪ್ಪದೆ ಕಟ್ಟಿದ ಮೇಲೆ ನೋಡಿದರೆ 50 ಸಾವಿರ ಕಟ್ಟಿರುತ್ತೀರಿ, ಸಾಲ ಇಳಿದಿರುವುದು ಹನ್ನೆರಡೂವರೆ ಸಾವಿರ. "ಬಾಡಿಗೆ ಕಟ್ಟೋದು ದಂಡ, ಕಂತು ಕಟ್ಟೋದು ಆಸ್ತಿ" ಅನ್ನುವವರಿಗೆ ನಾನು ಈ ಅಂಕೆ ತೋರಿಸುತ್ತಿದ್ದೆ. ಶುರುವಿನ ಐದು ವರ್ಷಗಳಲ್ಲಿ ಕಂತಿನ ನಾಲ್ಕರಲ್ಲಿ ಮೂರು ಪಾಲು ಬ್ಯಾಂಕಿಗೆ ಕೊಡುವ ಬಾಡಿಗೆಯೇ.

ಈಗ ದರ ಏರಿತು ಅನ್ನೋಣ. ಬದಲಾಗುವ ದರದ ಸಾಲದಲ್ಲಿ ಬ್ಯಾಂಕುಗಳು ಕಂತು ಹಾಗೇ ಇಟ್ಟು ಅವಧಿ ಬೆಳೆಸುವುದುಂಟು. ಸಾಲಗಾರರಿಗೆ ಗೊತ್ತೇ ಆಗುವುದಿಲ್ಲ, ಖಾತೆಯಿಂದ ಹೋಗುವ ದುಡ್ಡು ಅಷ್ಟೇ ಇರುತ್ತದಲ್ಲ. ಮೇಲಿನ ಸಾಲ ಶುರುವಿನಲ್ಲೇ ಶೇ 9ಕ್ಕೆ ಹೋದರೆ, ಅದೇ 836 ಕಟ್ಟುತ್ತಾ ಹೋದರೆ, 20 ವರ್ಷದ ಸಾಲ 25 ವರ್ಷ ದಾಟುತ್ತದೆ. ಶೇ 10ಕ್ಕೆ ಹೋದರೆ? 30 ವರ್ಷ ಅಂತ ಊಹಿಸುತ್ತೀರಿ. ಅಲ್ಲ, 56 ವರ್ಷ. ಯಾಕೆಂದರೆ ಶೇ 10ರಲ್ಲಿ ತಿಂಗಳ ಬಡ್ಡಿಯೇ 833. ಕಂತು ಬಡ್ಡಿಗೇ ಸರಿಹೋಗುತ್ತದೆ, ಅಸಲಿಗೆ ಮೂರು ಬಿಡಿಗಾಸು. ಬ್ಯಾಂಕು ಅಷ್ಟು ದೂರ ಬಿಡುವುದಿಲ್ಲ, ಅಷ್ಟರೊಳಗೆ ಕಂತು ಏರಿಸಿ ಅನ್ನುತ್ತದೆ. ಆ ಪತ್ರ ಬರುವವರೆಗೆ ಕಾಯಬೇಡಿ. ದರ ಏರಿದ ತಿಂಗಳೇ ಹೋಗಿ "ಅವಧಿ ಹಾಗೇ ಇರಲಿ, ಕಂತು ಏರಿಸಿ" ಅಂತ ಬರೆದು ಕೊಡಿ.

ಕೊಳ್ಳುವ ಮುಂಚೆಯೇ ದರ ಈಗಿನದಕ್ಕಿಂತ 3 ಅಂಶ ಜಾಸ್ತಿ ಅಂದುಕೊಂಡು ಕಂತು ಲೆಕ್ಕ ಹಾಕಿ. ಶೇ 8 ಇದ್ದದ್ದು 11 ಆದರೆ 836 ಹೋಗಿ 1032. ಇದು ನನ್ನ ಕಲ್ಪನೆಯ ಅತಿರೇಕ ಅಲ್ಲ. ಬ್ರಿಟನ್ನಿನಲ್ಲಿ 2014ರಿಂದ ಸಾಲ ಕೊಡುವವರು ಹೀಗೆ 3 ಅಂಶ ಸೇರಿಸಿಯೇ ಪರೀಕ್ಷೆ ಮಾಡಬೇಕಿತ್ತು. 2022ರಲ್ಲಿ ಆ ಶಿಫಾರಸನ್ನು ಕೈಬಿಟ್ಟರು. ತಮಾಷೆ ನೋಡಿ, ಅದೇ ಹೊತ್ತಿಗೆ ದರಗಳು ಓಡಲು ಶುರುವಾಗಿದ್ದವು. 2021ರ ಡಿಸೆಂಬರ್ ಮೊದಲಲ್ಲಿ ಶೇ 0.1 ಇದ್ದ ಅಲ್ಲಿನ ಕೇಂದ್ರ ಬ್ಯಾಂಕು ಬ್ಯಾಂಕ್ ಆಫ್ ಇಂಗ್ಲೆಂಡ್‌ನ ದರ 2023ರ ಆಗಸ್ಟ್‌ಗೆ 5.25 ಆಯಿತು.

ಒಂದು ಒಳ್ಳೆಯ ಸುದ್ದಿಯೂ ಇದೆ. ಇದೇ ಗಣಿತ ನಿಮ್ಮ ಪರವಾಗಿಯೂ ಓಡುತ್ತದೆ. ಶೇ 8ರ 20 ವರ್ಷದ ಸಾಲಕ್ಕೆ ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟುತ್ತಾ ಬಂದರೆ ಸುಮಾರು 17 ವರ್ಷಕ್ಕೇ ಮುಗಿಯುತ್ತದೆ. ಬೋನಸ್ಸನ್ನು ಆದಾಯಕ್ಕೆ ಸೇರಿಸಬೇಡಿ ಅಂದೆನಲ್ಲ, ಅದು ಹೋಗಬೇಕಾದ್ದು ಇಲ್ಲಿಗೆ.

ಕೊಳ್ಳುವ ಮುಂಚೆ ಆರು ತಿಂಗಳು ರಿಹರ್ಸಲ್

ನಾನು ನೋಡಿದ ಅರ್ಜಿಗಳಲ್ಲಿ ತುಂಬಾ ಮೆಚ್ಚಿದ್ದು ಒಬ್ಬ ಮೆಕ್ಯಾನಿಕ್‌ನದು. ಸಂಬಳ ದೊಡ್ಡದಲ್ಲ. ಅರ್ಜಿಯ ಜೊತೆ ಒಂದು ಬೇರೆ ಪಾಸ್‌ಬುಕ್ ತಂದಿದ್ದ. ಬರಲಿರುವ ಕಂತಿನಿಂದ ಈಗಿನ ಬಾಡಿಗೆ ಕಳೆದು, ಉಳಿದ ಮೊತ್ತವನ್ನು ಸಂಬಳ ಬಂದ ದಿನವೇ ಆ ಖಾತೆಗೆ ಹಾಕುತ್ತಾ ಬಂದಿದ್ದ. ತಿಂಗಳಾದ ಮೇಲೆ ತಿಂಗಳು, ಒಮ್ಮೆಯೂ ಅದರಿಂದ ತೆಗೆದಿರಲಿಲ್ಲ. "ಕಟ್ಟೋಕಾಗುತ್ತಾ ಅಂತ ನಂಗೇ ಡೌಟ್ ಇತ್ತು ಮೇಡಂ, ಅದಕ್ಕೆ ಮಾಡಿ ನೋಡಿದೆ" ಅಂದ. ಎಂಥ ದಾಖಲೆಪತ್ರಕ್ಕಿಂತಲೂ ಅದು ನನಗೆ ಹೆಚ್ಚು ಹೇಳಿತು.

ನೀವೂ ಹಾಗೇ ಮಾಡಿ. ಕಂತು ಮಾತ್ರ ಅಲ್ಲ, ತೆರಿಗೆ, ಮೆಂಟೆನೆನ್ಸ್, ದುರಸ್ತಿ ಎಲ್ಲ ಸೇರಿಸಿದ ಮೊತ್ತದಿಂದ ಬಾಡಿಗೆ ಕಳೆಯಿರಿ. ಆರು ತಿಂಗಳು ಎತ್ತಿಡಿ. ಯಾವ ತಿಂಗಳು ಕೈ ಹಾಕಬೇಕಾಯಿತು, ಯಾಕೆ ಅಂತ ಬರೆದಿಡಿ. ಎರಡು ಸಲ ಕೈ ಹಾಕಿದ್ದರೆ ಮನೆ ಸ್ವಲ್ಪ ಸಣ್ಣದಾಗಬೇಕು. ಆರು ತಿಂಗಳಲ್ಲಿ ಏನೂ ನಷ್ಟವಿಲ್ಲ, ಆ ದುಡ್ಡು ಮುಂಗಡಕ್ಕೆ ಸೇರುತ್ತದೆ.

ಐದು ವರ್ಷದೊಳಗೆ ಊರು ಬಿಡುವ ಸಾಧ್ಯತೆ ಇದೆಯಾ? ಹಾಗಿದ್ದರೆ ಬಾಡಿಗೆ ಮನೆಯಲ್ಲೇ ಇರಿ. ಕೊಳ್ಳುವ ಖರ್ಚು, ಮಾರುವ ಖರ್ಚು, ಶುರುವಿನ ಬಡ್ಡಿ ಮೂರೂ ಸೇರಿ ಲಾಭ ತಿನ್ನುತ್ತವೆ. ಇದರ ಬಗ್ಗೆ ಜಾಸ್ತಿ ಚರ್ಚೆ ಬೇಡ.

ಎರಡನೇ ಮನೆ: ಬಾಡಿಗೆ ನೋಡಿ ಕೊಳ್ಳಿ

ಇರಲು ಕೊಳ್ಳುವ ಮನೆಯಲ್ಲಿ ಮನಸ್ಸಿಗೂ ಒಂದು ಪಾಲು ಇರುತ್ತದೆ. ಹೂಡಿಕೆಗೆ ಅಂತ ಕೊಳ್ಳುವ ಮನೆಯಲ್ಲಿ ಅದಕ್ಕೆ ಜಾಗ ಇಲ್ಲ. ಆದರೂ ಎರಡನೇ ಮನೆಗೆ ಸಾಲ ಕೇಳಿ ಬಂದವರಲ್ಲಿ ಬಾಡಿಗೆ ಲೆಕ್ಕ ಬರೆದುಕೊಂಡು ಬಂದವರು ಅಪರೂಪ. "ಬೆಲೆ ಏರುತ್ತಲ್ಲ ಮೇಡಂ" ಅನ್ನುವುದೇ ಲೆಕ್ಕ.

ಬರೆಯೋಣ. ಮನೆ ಬೆಲೆ 1000. ವರ್ಷದ ಬಾಡಿಗೆ 40. ಬ್ರೋಕರ್ "ಶೇ 4 ಆದಾಯ" ಅನ್ನುತ್ತಾನೆ. ಈಗ ಕಳೆಯುತ್ತಾ ಹೋಗಿ. ವರ್ಷದಲ್ಲಿ ಒಂದು ತಿಂಗಳು ಖಾಲಿ ಅಂದರೆ 3 ಚಿಲ್ಲರೆ ಹೋಯಿತು. ದುರಸ್ತಿಗೆ 10. ತೆರಿಗೆ, ವಿಮೆ, ಸಂಘದ ವಂತಿಗೆ, ಬಾಡಿಗೆದಾರರನ್ನು ಹುಡುಕಿಕೊಟ್ಟವರ ಕಮಿಷನ್ ಸೇರಿ 4. ಉಳಿದದ್ದು 23ರ ಹತ್ತಿರ. ಶೇ 4 ಅಂದದ್ದು ಶೇ 2.3ಕ್ಕೆ ಇಳಿಯಿತು. ಬಾಡಿಗೆ ಆದಾಯದ ಮೇಲಿನ ತೆರಿಗೆಯನ್ನು ನಾನಿನ್ನೂ ಮುಟ್ಟಿಲ್ಲ. ಅದು ನಿಮ್ಮ ದೇಶದ ಕಾನೂನು, ನಿಮ್ಮ ಆದಾಯ ನೋಡಿ ಬೇರೆಯಾಗುತ್ತದೆ. ಲೆಕ್ಕಪರಿಶೋಧಕರನ್ನು ಕೇಳಿ ಸೇರಿಸಿ.

ಈಗ ಸಾಲ. ಕೈಯಿಂದ 200, ಬ್ಯಾಂಕಿನಿಂದ 800, ಜೊತೆಗೆ ನೋಂದಣಿ ಇತ್ಯಾದಿಗೆ ಕೈಯಿಂದಲೇ 70 ಅನ್ನೋಣ. ಶೇ 8ರಲ್ಲಿ 20 ವರ್ಷಕ್ಕೆ ವರ್ಷದ ಕಂತು 80. ಬಾಡಿಗೆಯಿಂದ ಬಂದದ್ದು 23. ಪ್ರತಿ ವರ್ಷ 57 ನಿಮ್ಮ ಸಂಬಳದಿಂದ ಹಾಕಬೇಕು. "ಬಾಡಿಗೆಯಲ್ಲೇ ಕಂತು ಹೋಗುತ್ತೆ" ಅನ್ನುವ ಮಾತನ್ನು ಈ ಅಂಕೆಯ ಪಕ್ಕ ಇಟ್ಟು ನೋಡಿ.

ಕಂತಿನಲ್ಲಿ ಅಸಲೂ ಇದೆ, ಅದು ನಿಮ್ಮದೇ ಆಸ್ತಿ ಅಂತ ವಾದಿಸಬಹುದು. ಸರಿ. ಬಡ್ಡಿ ಮಾತ್ರ ಹಿಡಿಯೋಣ. ಮೊದಲ ವರ್ಷದ ಬಡ್ಡಿ 63. ಅದರಲ್ಲಿ ಬಾಡಿಗೆಯ 23 ಕಳೆದರೆ 40 ನಷ್ಟ. ಕೈಯಿಂದ ಹಾಕಿದ 270ನ್ನು ಶೇ 6ರ ಠೇವಣಿಯಲ್ಲಿ ಇಟ್ಟಿದ್ದರೆ 16 ಬರುತ್ತಿತ್ತು, ಅದೂ ಹೋಯಿತು. ಒಟ್ಟು 56. ಅಂದರೆ ಮನೆ ಬೆಲೆ ಆ ವರ್ಷ ಶೇ 5.6 ಏರಿದರೆ ನೀವು ಸಮಸಮ. ಲಾಭ ಅದರ ಮೇಲೆ ಶುರು. ಇದನ್ನು ನಾನು ಸಮದ ಗೆರೆ ಅಂತ ಕರೆಯುತ್ತಿದ್ದೆ. ಯಾವ ಮನೆ ನೋಡಿದರೂ ಮೊದಲು ಈ ಗೆರೆ ಎಲ್ಲಿದೆ ಅಂತ ಕಂಡುಕೊಳ್ಳಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ, ಇಲ್ಲಿ ವರ್ಷಾ ವರ್ಷ ಇಷ್ಟು ಏರುತ್ತದೆ ಅಂತ ನಂಬಲು ನನ್ನ ಹತ್ತಿರ ಏನು ಕಾರಣ ಇದೆ?

ಅದೇ ಮನೆಗೆ ಬಾಡಿಗೆ 80 ಬರುತ್ತಿದ್ದರೆ ಎಲ್ಲ ಕಳೆದು 59 ಉಳಿಯುತ್ತಿತ್ತು, ಬಡ್ಡಿಯ ಹತ್ತಿರ ಹತ್ತಿರ. ಗೆರೆ ಶೇ 2ಕ್ಕೆ ಇಳಿಯುತ್ತಿತ್ತು. ಅಂಥ ಮನೆಗಳು ಸಾಮಾನ್ಯವಾಗಿ ಕಣ್ಣಿಗೆ ಅಂದವಾಗಿರುವುದಿಲ್ಲ. ಸಣ್ಣವು, ಹಳೆಯವು, ಆಸ್ಪತ್ರೆ, ಕಾಲೇಜು, ಕಾರ್ಖಾನೆ ಪಕ್ಕದವು. ಹೂಡಿಕೆಗೆ ಅಂತ ಈಜುಕೊಳ ಇರುವ ದೊಡ್ಡ ಫ್ಲಾಟ್ ಕೊಳ್ಳುವವರ ತರ್ಕ ನನಗೆ ಇವತ್ತಿಗೂ ಹೊಳೆದಿಲ್ಲ. ಬೆಲೆ ಎರಡರಷ್ಟಾದರೆ ಬಾಡಿಗೆಯೂ ಎರಡರಷ್ಟಾಗುವುದು ಕಡಿಮೆ.

"ಬೆಲೆ ಏರುತ್ತಲ್ಲ"

ಏರುತ್ತದೆ, ಆದರೆ ಎಷ್ಟು? ಆಮ್‌ಸ್ಟರ್‌ಡಾಮಿನಲ್ಲಿ ಹೆರೆನ್‌ಗ್ರಾಖ್ಟ್ ಅಂತ ಒಂದು ಕಾಲುವೆ ಇದೆ. ಅದರ ದಂಡೆಯ ಮನೆಗಳು ಶುರುವಿನಿಂದಲೂ ಸಿರಿವಂತರವು. ಪೀಟ್ ಐಖ್‌ಹೋಲ್ಟ್ಸ್ ಅನ್ನುವ ಅರ್ಥಶಾಸ್ತ್ರಜ್ಞ ಅವುಗಳ ಮಾರಾಟದ ದಾಖಲೆ ಹಿಡಿದು 1628ರಿಂದ 1973ರವರೆಗಿನ ಬೆಲೆ ಸೂಚ್ಯಂಕ ಮಾಡಿದರು. ಹಣದುಬ್ಬರ ಕಳೆದು ನೋಡಿದರೆ ಅಷ್ಟು ಒಳ್ಳೆಯ ಜಾಗದಲ್ಲೂ ಬೆಲೆ ಸುಮಾರು ಮುನ್ನೂರೈವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗಿತ್ತು, ಅಷ್ಟೇ. ಅಜ್ಜ ಕೊಂಡ ಬೆಲೆ ಕೇಳಿ ಬಾಯಿ ಬಿಡುತ್ತೇವಲ್ಲ, ಅದರಲ್ಲಿ ಬಹುಪಾಲು ದುಡ್ಡಿನ ಬೆಲೆ ಕಳೆದದ್ದು.

ಹಾಗಂತ ಮನೆ ಕೆಟ್ಟ ಹೂಡಿಕೆ ಅಂತಲ್ಲ. 16 ಶ್ರೀಮಂತ ದೇಶಗಳ 1870ರಿಂದ 2015ರವರೆಗಿನ ಅಂಕಿಅಂಶ ಕೂಡಿಸಿದ ಅರ್ಥಶಾಸ್ತ್ರಜ್ಞರಿಗೆ ಮನೆಗಳ ವಾರ್ಷಿಕ ಗಳಿಕೆ, ಹಣದುಬ್ಬರ ಕಳೆದು, ಶೇ 7ರ ಆಸುಪಾಸು ಕಂಡಿತು. ಷೇರುಗಳಿಗೆ ಸರಿಸಾಟಿ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಬಾಡಿಗೆಯಿಂದ, ಬೆಲೆ ಏರಿಕೆಯಿಂದಲ್ಲ. ಬಾಡಿಗೆ ಲೆಕ್ಕ ಬಿಟ್ಟು ಮನೆ ಕೊಳ್ಳುವವರು ಗಳಿಕೆಯ ದೊಡ್ಡ ಪಾಲನ್ನೇ ಬಿಟ್ಟು ಕೊಳ್ಳುತ್ತಿದ್ದಾರೆ. ಇನ್ನೊಂದು ಮಾತು, ಆ ಅಂಕೆ ಇಡೀ ದೇಶಗಳ ಸರಾಸರಿ. ನಿಮ್ಮದು ಒಂದೇ ಬೀದಿಯ ಒಂದೇ ಮನೆ. ಪಕ್ಕದಲ್ಲಿ ಮೇಲ್ಸೇತುವೆ ಬಂದರೆ ಸರಾಸರಿ ಬಂದು ಕಾಪಾಡುವುದಿಲ್ಲ.

ಇಳಿಯುವುದೂ ಉಂಟು. ಜಪಾನಿನಲ್ಲಿ ಜಾಗದ ಬೆಲೆ 1991ರ ಸುಮಾರಿಗೆ ತುದಿ ಮುಟ್ಟಿ, ಒಂದು ದಶಕಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2006ರಿಂದ 2012ರ ನಡುವೆ ಮನೆ ಬೆಲೆ ಸರಾಸರಿ ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. ಸಾಲ ಇದ್ದಾಗ ಇಳಿತ ಹೇಗೆ ಕಚ್ಚುತ್ತದೆ ನೋಡಿ. 1000ದ ಮನೆಗೆ ನಿಮ್ಮ ದುಡ್ಡು 200. ಬೆಲೆ ಶೇ 10 ಇಳಿದರೆ ನಿಮ್ಮ ಪಾಲಿನ ಅರ್ಧ ಹೋಯಿತು. ಶೇ 20 ಇಳಿದರೆ ಪೂರ್ತಿ. ಸಾಲ ಮಾತ್ರ ಒಂದು ಪೈಸೆ ಇಳಿಯುವುದಿಲ್ಲ. ಅಂಥ ಹೊತ್ತಲ್ಲಿ ತಾಳ್ಮೆಯಿಂದ ಕೂರಬಲ್ಲವರು ಯಾರೆಂದರೆ, ಕಂತು ಕಟ್ಟಲು ಮನೆ ಮಾರಬೇಕಾದ ಅಗತ್ಯ ಇಲ್ಲದವರು. ಆರು ತಿಂಗಳ ಕಂತು ಮತ್ತು ಖರ್ಚು ಬೇರೆ ಖಾತೆಯಲ್ಲಿ ಇಲ್ಲದೆ ಎರಡನೇ ಮನೆಗೆ ಹೋಗಬೇಡಿ ಅನ್ನುವುದು ಇದಕ್ಕೇ.

ಬಾಡಿಗೆದಾರರ ಕಣ್ಣಿನಿಂದ ಮನೆ ನೋಡುವುದು

ಭಾನುವಾರ ಬೆಳಗ್ಗೆ ಬ್ರೋಕರ್ ಜೊತೆ ನೋಡಿದ ಮನೆ ಅರ್ಧ ನೋಡಿದ ಹಾಗೆ. ಕೆಲಸದ ದಿನ ಸಂಜೆ ಒಬ್ಬರೇ ಹೋಗಿ. ಬಸ್ ನಿಲ್ದಾಣದಿಂದ ನಡೆದು ಹೋಗಿ. ಮೇಲಿನ ಮಹಡಿಯಲ್ಲಿ ನಲ್ಲಿ ತಿರುಗಿಸಿ ನೀರಿನ ರಭಸ ನೋಡಿ. ಸುತ್ತಮುತ್ತ "ಬಾಡಿಗೆಗೆ ಇದೆ" ಬೋರ್ಡು ಎಷ್ಟಿವೆ ಎಣಿಸಿ. ಜಾಸ್ತಿ ಇದ್ದರೆ ನಾನು ಹಾಕಿದ ಒಂದು ತಿಂಗಳ ಖಾಲಿ ಲೆಕ್ಕವನ್ನು ನೀವು ಎರಡೋ ಮೂರೋ ಮಾಡಿಕೊಳ್ಳಬೇಕು. ಜಾಹೀರಾತಿನ ಬಾಡಿಗೆ ನಂಬಬೇಡಿ, ಅದು ಕೇಳುವ ಬಾಡಿಗೆ. ಅದೇ ಕಟ್ಟಡದಲ್ಲಿ ಈಗ ಇರುವ ಬಾಡಿಗೆದಾರರನ್ನು ಕೇಳಿ. ನಯವಾಗಿ ಕೇಳಿದರೆ ಹೇಳುತ್ತಾರೆ. ಕಟ್ಟಡದ ಬಗ್ಗೆ ಮಾಲೀಕರು ಹೇಳದ್ದನ್ನೂ ಹೇಳುತ್ತಾರೆ.

ಕಟ್ಟುತ್ತಿರುವ ಕಟ್ಟಡದಲ್ಲಿ ಕೊಳ್ಳುವವರು ಒಂದು ಅಂಕೆ ಮರೆಯುತ್ತಾರೆ. ಕೀ ಕೈಗೆ ಬರುವವರೆಗೆ ಬಾಡಿಗೆ ಸೊನ್ನೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಹೇಳಿದ ದಿನಾಂಕಕ್ಕೆ ಎರಡು ವರ್ಷ ಸೇರಿಸಿ ಲೆಕ್ಕ ಹಾಕಿ, ಆಗಲೂ ಸರಿಹೋದರೆ ಮುಂದುವರಿಯಿರಿ. ಬಿಲ್ಡರ್ "ಮೂರು ವರ್ಷ ಬಾಡಿಗೆ ಗ್ಯಾರಂಟಿ" ಅಂದರೆ ಖುಷಿಪಡಬೇಡಿ. ಆ ಬಾಡಿಗೆ ಮನೆ ಬೆಲೆಯಲ್ಲೇ ಸೇರಿರುವ ಸಾಧ್ಯತೆ ದೊಡ್ಡದು. ನಿಮ್ಮ ದುಡ್ಡನ್ನು ನಿಮಗೇ ಕಂತಿನಲ್ಲಿ ಕೊಡುತ್ತಾರೆ.

ದಾಖಲೆಪತ್ರಗಳ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬ್ಯಾಂಕಿನ ವಕೀಲರು ನೋಡಿದ್ದಾರೆ ಅಂತ ಸುಮ್ಮನಿರಬೇಡಿ. ಅವರು ಬ್ಯಾಂಕಿನ ಹಿತ ನೋಡುತ್ತಾರೆ. ನಿಮ್ಮ ಫೀಸು ಪಡೆದ, ಮಾರುವವರಿಗೂ ಬ್ರೋಕರಿಗೂ ಸಂಬಂಧ ಇಲ್ಲದ ವಕೀಲರು ಒಬ್ಬರು ನೋಡಲಿ. ಮುಂಗಡ ಕೊಡುವ ಮುಂಚೆ, ಕೊಟ್ಟ ಮೇಲಲ್ಲ.

ಬಾಡಿಗೆಗೆ ಕೊಟ್ಟ ಮೇಲೆ ಏರಿಸುವ ಆಸೆ ಬರುತ್ತದೆ. ತಿಂಗಳ ಬಾಡಿಗೆ 100 ಇದ್ದದ್ದನ್ನು 105 ಮಾಡಿದರೆ ವರ್ಷಕ್ಕೆ 60 ಸಿಗುತ್ತದೆ. ಅದಕ್ಕೆ ಬೇಸರಪಟ್ಟು ಬಾಡಿಗೆದಾರರು ಬಿಟ್ಟು ಹೋಗಿ ಮನೆ ಒಂದು ತಿಂಗಳು ಖಾಲಿ ಬಿದ್ದರೆ 100 ಹೋಯಿತು. ಬಣ್ಣ, ಕಮಿಷನ್ ಬೇರೆ. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡುವ, ಸಣ್ಣಪುಟ್ಟದ್ದನ್ನು ತಾವೇ ಸರಿಮಾಡಿಕೊಳ್ಳುವ ಸಂಸಾರ ಸಿಕ್ಕಿದರೆ ಬಾಡಿಗೆ ಊರಿನ ದರಕ್ಕಿಂತ ಸ್ವಲ್ಪ ಕೆಳಗೇ ಇರಲಿ ಬಿಡಿ.

ಬಾಡಿಗೆದಾರರ ಫೋನು, ಪ್ಲಂಬರ್, ಖಾಲಿ ತಿಂಗಳು ಇದೆಲ್ಲ ನಮ್ಮಿಂದಾಗದು ಅನ್ನಿಸಿದರೆ ಆಸ್ತಿ ಹೂಡಿಕೆಯ ಟ್ರಸ್ಟುಗಳಿವೆ, ರೀಟ್ ಅನ್ನುತ್ತಾರೆ. ಅಮೆರಿಕದಲ್ಲಿ 1960ರ ಕಾನೂನಿನಿಂದ ಶುರುವಾದ ಪದ್ಧತಿ, ಈಗ ಅನೇಕ ದೇಶಗಳಲ್ಲಿದೆ. ಷೇರಿನ ಹಾಗೆ ಕೊಳ್ಳಬಹುದು, ಬಾಡಿಗೆಯ ಪಾಲು ಬರುತ್ತದೆ. ಬೆಲೆ ದಿನಾ ಏರಿಳಿಯುವುದು ಕಣ್ಣಿಗೆ ಕಾಣುತ್ತದೆ, ಅದನ್ನು ತಡೆದುಕೊಳ್ಳುವ ಮನಸ್ಸು ಬೇಕು. ಮನೆ ಬೆಲೆಯೂ ಹಾಗೇ ಏರಿಳಿಯುತ್ತದೆ, ದಿನಾ ಯಾರೂ ಹೇಳುವುದಿಲ್ಲ ಅಷ್ಟೇ.

ವರ್ಷಕ್ಕೊಮ್ಮೆ ಮಾಡುವ ಕೆಲಸ

ಸಾಲ ತೆಗೆದುಕೊಂಡ ತಿಂಗಳಲ್ಲಿ ಪ್ರತಿ ವರ್ಷ ಬ್ಯಾಂಕಿನಿಂದ ಸಾಲದ ಸ್ಟೇಟ್‌ಮೆಂಟ್ ತರಿಸಿ. ಅದರಲ್ಲಿ ಮೂರು ವಿಷಯ ನೋಡಿ: ಉಳಿದ ಅಸಲು, ಉಳಿದ ಅವಧಿ, ಈಗಿನ ದರ. ಅವಧಿ ಹೋದ ವರ್ಷಕ್ಕಿಂತ 12 ತಿಂಗಳು ಕಡಿಮೆಯಾಗಿರಬೇಕು. ಆಗಿಲ್ಲ ಅಂದರೆ ದರ ಏರಿದಾಗ ಸದ್ದಿಲ್ಲದೆ ಬೆಳೆಸಿದ್ದಾರೆ. ಆಮೇಲೆ ಅದೇ ಬ್ಯಾಂಕು ಹೊಸ ಗ್ರಾಹಕರಿಗೆ ಯಾವ ದರ ಕೊಡುತ್ತಿದೆ ಅಂತ ವಿಚಾರಿಸಿ. ಹಳೆಯ ಗ್ರಾಹಕರು ಜಾಸ್ತಿ ದರದಲ್ಲೇ ಉಳಿದುಬಿಡುವುದು ತೀರಾ ಸಾಮಾನ್ಯ. ಫೋನ್ ಮಾಡಿ "ನಿಮಗೆ ಕಡಿಮೆ ಮಾಡಿದ್ದೇವೆ" ಅಂತ ಯಾರೂ ಹೇಳುವುದಿಲ್ಲ, ನಾವೂ ಹೇಳುತ್ತಿರಲಿಲ್ಲ. ವ್ಯತ್ಯಾಸ ಕಂಡರೆ ಪತ್ರ ಬರೆಯಿರಿ. ಉದ್ದ ಬೇಡ, ಎರಡೇ ಸಾಲು: ಹೊಸ ಗ್ರಾಹಕರ ದರ ನನ್ನ ಸಾಲಕ್ಕೂ ಅನ್ವಯಿಸಿ, ಅದಕ್ಕೆ ಶುಲ್ಕ ಎಷ್ಟು ತಿಳಿಸಿ. ಆಗದಿದ್ದರೆ ಸಾಲ ಬೇರೆ ಬ್ಯಾಂಕಿಗೆ ವರ್ಗಾಯಿಸಲು ಬೇಕಾದ ಪತ್ರ ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಎರಡನೇ ಸಾಲು ಓದಿದ ಮೇಲೆ ಮ್ಯಾನೇಜರ್ ಕುರ್ಚಿ ಎಳೆದು ಕೂರಿಸಿ ಮಾತಾಡುವುದೇ ಜಾಸ್ತಿ. ಕೂತಾಗ ವರ್ಗಾವಣೆಯ ಎಲ್ಲ ಶುಲ್ಕ ಕೂಡಿಸಿ, ತಿಂಗಳಿಗೆ ಉಳಿಯುವ ದುಡ್ಡಿನಿಂದ ಭಾಗಿಸಿ. ಎಷ್ಟು ತಿಂಗಳಿಗೆ ಶುಲ್ಕ ವಾಪಸ್ ಬರುತ್ತದೆ ಅನ್ನುವ ಅಂಕೆ ಕೈಯಲ್ಲಿದ್ದರೆ ಒಪ್ಪುವುದೋ ಎದ್ದು ಬರುವುದೋ ಅಲ್ಲೇ ತೀರ್ಮಾನ ಮಾಡಬಹುದು.